ಬಾವಿ ಓಗೊಡದ ಹೆಸರು

ಸಂಕ್ರಾಂತಿ ಕಳೆದಿತ್ತು, ಚಳಿ ಇನ್ನೂ ಕಂಬಳಿ ಬಿಡಿಸಿರಲಿಲ್ಲ. ಬೆಳಗಿನ ಎರಡನೆಯ ಕೊಡ ಸೇದುವ ಹೊತ್ತಿಗೆ ನಮ್ಮ ಊರಿನ ಬಾವಿ ಅಧ್ಯಕ್ಷ ದುಂಡಪ್ಪನವರ ಹೆಸರಿಗೆ ಓ ಅನ್ನಲಿಲ್ಲ. ಕೂಗಿದವನು ಕರೆಗಾರ ಇಮಾಮ್‌ಸಾಬ. ಎರಡೂ ಕಣ್ಣು ಕಾಣದ ಮನುಷ್ಯ. ಊರಿನ ಹೆಸರುಗಳನ್ನು ಬಾವಿಗೆ ಕೂಗುವುದು ಅವನ ಅಜ್ಜನ ಕಾಲದಿಂದ ಬಂದ ಕೆಲಸ. ಅಧ್ಯಕ್ಷರ ಕೋಣೆಯ ಬಾಗಿಲು ತೆರೆದಿಲ್ಲ, ಕರೆದರೆ ಮಾತಿಲ್ಲ ಅಂತ ಮನೆಯವರು ಓಡಿ ಬಂದಿದ್ದರು. ಬಾಗಿಲು ಒಡೆಯುವುದಕ್ಕಿಂತ ಬಾವಿಗೆ ಕೇಳುವುದು ಸುಲಭ, ತೇಗದ ಬಾಗಿಲು ಬೇರೆ. ಇಮಾಮ್‌ಸಾಬ ಕಟ್ಟೆಯ ಮೇಲೆ ಬಗ್ಗಿ ಕೂಗಿದ, ಕಿವಿ ಕೊಟ್ಟ, ಮತ್ತೊಮ್ಮೆ ಕೂಗಿದ. ಹೆಂಗಸರು ಹಗ್ಗ ಬಿಡದೆ ಸೆರಗು ತಲೆಗೆ ಎಳೆದುಕೊಂಡರು. "ಹೋದ್ರು," ಅಂದ ಇಮಾಮ್‌ಸಾಬ. ಆಮೇಲೆ ಬಾಗಿಲು ಒಡೆದರು.

ನಮ್ಮ ಊರಿನ ನೆಲದಲ್ಲಿ ಹುಟ್ಟಿದವರು ಬದುಕಿರುವ ತನಕ ಅವರ ಹೆಸರು ಕೂಗಿದರೆ ಬಾವಿ ಓ ಅನ್ನುತ್ತದೆ. ಬೇರೆ ಕಡೆ ಹುಟ್ಟಿ ಬಂದವರಿಗೆ ಸುಮ್ಮನಿರುತ್ತದೆ. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ. ನೀರು ಅವರಿಗೂ ಅದೇ ನೀರು, ಮದುವೆ ಅವರಿಗೂ ಅದೇ ಜಗಳ. ಅಧ್ಯಕ್ಷರ ಕುರ್ಚಿಯ ಮೇಲೆ ಮಾತ್ರ ಬಾವಿ ಓಗೊಟ್ಟವರೇ ಕೂಡಬೇಕು. ಒಂದು ಹೆಸರು ಒಬ್ಬರಿಗೇ, ಇಲ್ಲದಿದ್ದರೆ ಬಾವಿಗೆ ಗೊಂದಲ. ಅದಕ್ಕೇ ನಮ್ಮಲ್ಲಿ ಮೊಮ್ಮಗಳಿಗೆ ಅಜ್ಜಿಯ ಹೆಸರು ಬೇಕಾದರೆ ಅಜ್ಜಿ ಜಾಗ ಬಿಡುವವರೆಗೆ ಕೂಸನ್ನು "ಏ ಇವಳ" ಅಂತಲೇ ಕರೆಯುತ್ತಾರೆ. ಗಟ್ಟಿ ಅಜ್ಜಿಯರ ಮನೆಯಲ್ಲಿ "ಏ ಇವಳ" ಆಗಿಯೇ ಗಂಡನ ಮನೆಗೆ ಹೋದವರೂ ಇದ್ದಾರೆ.

ಈ ನಿಯಮ ಸರಿಯಿಲ್ಲ ಅಂತ ಹೇಳುವವರು ಆಗಾಗ ಹುಟ್ಟುತ್ತಿರುತ್ತಾರೆ. ನಾನು ಅವರ ಪೈಕಿ ಅಲ್ಲ. ಮನೆಯಲ್ಲೇ ಹುಟ್ಟಿ ಬೆಳೆದವನಿಗೆ ಯಾವ ತೊಲೆಯ ಕೆಳಗೆ ತಲೆ ತಗ್ಗಿಸಬೇಕು ಅನ್ನುವುದು ಕತ್ತಲಲ್ಲೂ ಗೊತ್ತಿರುತ್ತದೆ. ಹೊಸಬ ಎಷ್ಟೇ ಒಳ್ಳೆಯವನಿರಲಿ, ಮೊದಲು ಹಣೆ ಬಡಿಸಿಕೊಂಡು, ಆಮೇಲೆ ತೊಲೆಯನ್ನೇ ಕಡಿಸಬೇಕು ಅನ್ನುತ್ತಾನೆ. ಹಳೆಯ ನಿಯಮಕ್ಕೆ ನಾನು ಕೈ ಮುಗಿಯುತ್ತೇನೆ. ನಿಯಮವನ್ನು ಚುನಾವಣೆಯ ವಾರದಲ್ಲಿ ಮಾತ್ರ ಅಟ್ಟದಿಂದ ಇಳಿಸಿ ಧೂಳು ಒರೆಸುವವರಿಗೆ ಮುಗಿಯುವುದಿಲ್ಲ.

ಹಳ್ಳದ ಆಚೆ ದಂಡೆಯವರ ವಿಷಯ ಹೇಳಬೇಕು. ಅಲ್ಲಿ ಎಲ್ಲವೂ ಎಲ್ಲರದು. ಹೊಲ ಎಲ್ಲರದು, ಎತ್ತು ಎಲ್ಲರದು, ಒಲೆ ಒಂದೇ. ಹೆಸರು ಅನ್ನುವುದೂ ಸ್ವಂತ ಆಸ್ತಿಯೇ ಅಲ್ಲವೇ ಅಂತ ಯೋಚನೆ ಬಂದ ವರ್ಷ ಹೆಸರುಗಳನ್ನೂ ತೆಗೆದುಹಾಕಿದರು. ಈಗ ಗಂಡು, ಹೆಣ್ಣು, ಮುದುಕ, ಕೂಸು ಎಲ್ಲರೂ ಸಂಗಾತಿಯೇ. ಎಲ್ಲರೂ ಸಮಾನರು, ಅವರಲ್ಲಿ ಒಬ್ಬ ಮಾತ್ರ ಹಿರೇಸಂಗಾತಿ. ನಮ್ಮ ಮಕ್ಕಳು ಆಟಕ್ಕೆ ಬಾವಿಯೊಳಗೆ "ಸಂಗಾತಿ" ಅಂತ ಕೂಗುವವು, ಬಾವಿ ಸುಮ್ಮನಿರುವುದು, ಅವು ಬಿದ್ದು ಬಿದ್ದು ನಗುವವು. ನಮ್ಮವರು ಯಾರೂ ಆಚೆ ಹೋಗಿ ಸಂಗಾತಿಯಾದದ್ದು ಅಲ್ಲಿಯ ತನಕ ಇರಲಿಲ್ಲ.

ಅವರಲ್ಲಿ ಒಂದು ಒಳ್ಳೆಯ ಪದ್ಧತಿಯೂ ಉಂಟು. ಕಣ್ಣಿಗೆ ಬಿದ್ದ ಕೆಲಸಕ್ಕೆ ಕೈ ಹಾಕದವರಿಗೆ ಆ ಹೊತ್ತಿನ ಊಟವಿಲ್ಲ. ಒಬ್ಬ ಗಾಡಿ ದಬ್ಬುತ್ತಿದ್ದರೆ ನೋಡಿದವರೆಲ್ಲ ಬಂದು ದಬ್ಬಬೇಕು. ಗಾಡಿ ಎಲ್ಲಿಗೆ ಅಂತ ಕೇಳುವ ಪದ್ಧತಿ ಇಲ್ಲ. ಊಟದ ಗಂಟೆ ಬಾರಿಸಿದಾಗ ಕೈ ಬಿಡಬೇಕು. ಮಧ್ಯಾಹ್ನ ಗಂಟೆಯ ಜೊತೆ ಬೇಳೆ ಒಗ್ಗರಣೆಯ ವಾಸನೆ ಹಳ್ಳ ದಾಟಿ ನಮ್ಮ ಮೂಗಿಗೂ ಬರುತ್ತಿತ್ತು. ಅವರ ತತ್ವದಲ್ಲಿ ನಾನು ಒಪ್ಪುವುದು ಅದೊಂದನ್ನೇ.

ಅವರಿಗೂ ನಮಗೂ ನಡುವೆ ಒಂದು ಗಡಿಕಲ್ಲು. ನಾನು ಹುಡುಗನಿದ್ದಾಗ ಅದು ಹಳ್ಳದ ಆಚೆ ಅಂಚಿನ ಕುಣಿಯಲ್ಲಿ ಕೂತಿತ್ತು. ಆಮೇಲೆ ಪ್ರತಿ ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಗೆ ಸ್ವಲ್ಪ ಸರಿದಿರುತ್ತಿತ್ತು. ಹಳ್ಳದ ನೀರು ತಂದು ಹಾಕಿದೆ ಅನ್ನುತ್ತಿದ್ದರು ಅವರು. ನೀರು ಮೇಲಿನಿಂದ ಕೆಳಗೆ ಹರಿಯುವುದನ್ನು ನಾನು ನೋಡಿದ್ದೇನೆ. ಆಚೆಯಿಂದ ಈಚೆಗೆ, ಅದೂ ದಂಡೆ ಹತ್ತಿ ಹರಿಯುವ ನೀರನ್ನು ಆ ಹಳ್ಳ ನಮಗೆ ಕಾಣದಂತೆ ಹರಿಸುತ್ತಿತ್ತು. ದುಂಡಪ್ಪನವರು ಶಾಂತಿಪ್ರಿಯರು. ಕಲ್ಲು ಎಲ್ಲಿದೆಯೋ ಅಲ್ಲೇ ಗಡಿ ಅಂತ ಒಂದು ಸ್ನೇಹದ ಒಪ್ಪಂದ ಮಾಡಿ ಬಂದರು. ಆ ದಿನ ಆಚೆಯವರು ನಮಗೆ ಒಂದು ಹಾಡು ಕೊಟ್ಟರು, ನಾವು ಅವರಿಗೆ ಒಂದು ಹೊಲ ಕೊಟ್ಟೆವು. ಹಾಡು ಚೆನ್ನಾಗಿತ್ತು. ಉಪ್ಪು ಅವರ ಕಡೆಯಿಂದಲೇ ಬರಬೇಕು, ಉಪ್ಪಿಲ್ಲದೆ ದೇಶಪ್ರೇಮವೂ ಸಪ್ಪೆ. ಆದ್ದರಿಂದ ಯಾರೂ ಮಾತಾಡಲಿಲ್ಲ. ನಾನೂ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ನಾನು ಬಣ್ಣಗಾರ. ಅವರ ಕೆಂಪು ಬಾವುಟಗಳೆಲ್ಲ ನನ್ನ ಹಂಡೆಯಲ್ಲೇ ಮುಳುಗಿ ಏಳುತ್ತಿದ್ದವು. ನಮ್ಮ ಊರಿನ ಗಡಿ ರಕ್ಷಣೆಯ ಸಭೆಗಳಿಗೆ ನಾನು ಮೊಣಕೈವರೆಗೆ ಕೆಂಪು ಮಾಡಿಕೊಂಡೇ ಹೋಗಿ ಕೂಡುತ್ತಿದ್ದೆ.

ದುಂಡಪ್ಪನವರ ಕುರ್ಚಿಗೆ ಇಬ್ಬರು ನಿಂತರು. ಒಬ್ಬಳು ನನ್ನ ತಂಗಿ ನೀಲಗಂಗವ್ವ. ಊರಿಗೆಲ್ಲ ನೀಲಕ್ಕ. ನನ್ನ ಪಾಲಿಗೆ ಕೆಂಪು ಹಂಡೆಯಾದರೆ ಅವಳ ಪಾಲಿಗೆ ನೀಲಿ. ಕೈ ಮುಳುಗಿಸಿಕೊಂಡು ಕೂತಿರುವಾಗಲೇ ಯಾರಾದರೂ ಹೊರಗಿನಿಂದ ನೀಲಕ್ಕ ಅನ್ನುತ್ತಿದ್ದರು, ಇವಳು ಒಳಗಿನಿಂದ ಓ ಅನ್ನುತ್ತಿದ್ದಳು. ಹೆರಿಗೆಯ ನೋವು, ಮೊಳೆಯದ ಬೀಜ, ಅತ್ತೆ ಸೊಸೆ, ಕೊಟ್ಟಿಗೆಗೆ ಹಾವು, ಎಲ್ಲದಕ್ಕೂ ನೀಲಕ್ಕ. ದುಂಡಪ್ಪನವರು ಅಧ್ಯಕ್ಷರಾಗಿ ಕೂತಿದ್ದರು, ಊರು ನಡೆಸುತ್ತಿದ್ದವಳು ಇವಳು.

ಇನ್ನೊಬ್ಬ ಚನ್ನಮಲ್ಲ. ದನಿಯೇ ಅವನ ಆಸ್ತಿ. ಆಚೆ ದಂಡೆಯವರ ಮೇಲೆ ಅವನಿಗಿದ್ದ ಸಿಟ್ಟು ಊರಿನಲ್ಲಿ ಯಾರಿಗೂ ಇರಲಿಲ್ಲ. ದಿನಾ ಮಧ್ಯಾಹ್ನ ಹಳ್ಳದ ದಂಡೆಗೆ ಹೋಗಿ ಅವರ ಅಡುಗೆಮನೆಗೆ ಎದುರಾಗಿ ನಿಂತು ಬೈಯುತ್ತಿದ್ದ. ಸರಿಯಾಗಿ ಒಗ್ಗರಣೆಯ ಹೊತ್ತಿಗೇ ಯಾಕೆ ಅಂತ ಒಮ್ಮೆ ಇಮಾಮ್‌ಸಾಬ ಕೇಳಿದ್ದಕ್ಕೆ, ಆಗ ಅವರೆಲ್ಲ ಒಂದೇ ಕಡೆ ಸಿಗುತ್ತಾರೆ ಅಂತ ಹೇಳಿದನಂತೆ. ಬೈದು ಬೈದು ಹಸಿದು ಮನೆಗೆ ಬಂದು, ಹೆಂಡತಿ ಮಾಡಿದ ಸಾರಿಗೆ ಮುಖ ಹುಳ್ಳಗೆ ಮಾಡುತ್ತಿದ್ದ. ಆಕೆ ಎರಡು ವರ್ಷ ಸಹಿಸಿ ತವರಿಗೆ ಹೋದಳು. ಅಂದಿನಿಂದ ಅವನಿಗೆ ದೇಶವೇ ಸಂಸಾರ.

ನಿಂತವರಿಬ್ಬರ ಹೆಸರನ್ನೂ ಊರ ಮುಂದೆ ಬಾವಿಗೆ ಕೂಗಬೇಕು ಅಂತ ಚನ್ನಮಲ್ಲ ಹಟ ಹಿಡಿದ. ಹಳೆಯ ಪದ್ಧತಿ, ದುಂಡಪ್ಪನವರ ಕಾಲದಲ್ಲಿ ಬಿಟ್ಟುಹೋಗಿತ್ತು. ನನಗೆ ಸರಿಯೆನಿಸಿತು, ನಾನೇ ಮೊದಲು ಕೈ ಎತ್ತಿದೆ. ಅವನು ಅದಕ್ಕೆ ಒಂದು ಬಾಲ ಅಂಟಿಸಿದ: ಬಾವಿ ಓಗೊಡದೆಯೂ ಕುರ್ಚಿಗೆ ನಿಂತವರು ಊರಿಗೆ ಮೋಸ ಮಾಡಿದ ಹಾಗೆ, ಅವರು ಹೋಳಿ ಹುಣ್ಣಿಮೆಯೊಳಗೆ ಹಳ್ಳ ದಾಟಬೇಕು. ಜನ ಅದಕ್ಕೂ ಕೈ ಎತ್ತಿದರು. ಮೊದಲಿನದಕ್ಕೆ ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ ಅಂತ ಕಾಣುತ್ತದೆ. ನೀಲಕ್ಕನೂ ಎತ್ತಿದಳು. ಅವಳಿಗೆ ಹೆದರಿಕೆ ಯಾಕೆ? ಅವಳು ಹುಟ್ಟಿದ್ದು ಊರಿಗೆಲ್ಲ ಗೊತ್ತಿದ್ದ ಕಥೆ. ಅವ್ವ ಹಳ್ಳದಲ್ಲಿ ಬಣ್ಣದ ಬಟ್ಟೆ ತೊಳೆಯುತ್ತಿದ್ದಾಗ ನೋವು ಬಂದು, ಬಂಡೆಯ ಮೇಲೆಯೇ ಹೆತ್ತಳು. ಹನ್ನೆರಡನೆಯ ದಿನ ಬಾವಿಗೆ ಹೆಸರು ಕೂಗಿದಾಗ ಬಾವಿ ಎಷ್ಟು ಜೋರಾಗಿ ಓ ಅಂದಿತೆಂದರೆ ಕೂಸು ಬೆಚ್ಚಿ ಅತ್ತಿತು. ನಾನು ಅಲ್ಲೇ ಅಪ್ಪನ ಧೋತರ ಹಿಡಿದು ನಿಂತಿದ್ದೆ.

ಭಾರತ ಹುಣ್ಣಿಮೆಯ ಮರುದಿನ ಊರೆಲ್ಲ ಕಟ್ಟೆಗೆ ನೆರೆಯಿತು. ಇಮಾಮ್‌ಸಾಬ ಚನ್ನಮಲ್ಲನ ಹೆಸರು ಕೂಗಿದ. ಬಾವಿ ಓ ಅಂದಿತು, ಸಾಧಾರಣವಾಗಿ, ಬೇಸರ ಬಂದವರ ಹಾಗೆ. ನೀಲಗಂಗವ್ವ ಅಂತ ಕೂಗಿದ. ಬಾವಿಯಲ್ಲಿ ಒಂದು ಕಪ್ಪೆ ಹಾರಿದ್ದು ಕೇಳಿಸಿತು, ಅಷ್ಟೇ. ಇಮಾಮ್‌ಸಾಬ ಮುಂಡಾಸು ಬಿಚ್ಚಿ ಕಿವಿ ಕೆರೆದುಕೊಂಡು ಮತ್ತೆ ಕೂಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಎದ್ದವನು ಅವಳಿದ್ದ ಕಡೆಗೆ ಮುಖ ಮಾಡಲಿಲ್ಲ.

ನೀಲಕ್ಕ ಬದುಕಿ ನಿಂತಿದ್ದಾಳೆ, ಬಾವಿ ಸುಮ್ಮನಿದೆ. ಅಂದರೆ ಆಕೆ ಇಲ್ಲಿ ಹುಟ್ಟಿದವಳಲ್ಲ. ಹನ್ನೆರಡನೆಯ ದಿನದ ಓ ಕೇಳಿದ ಮುದುಕರು ಇನ್ನೂ ಇದ್ದರು. ಅವರಿಗೆ ಆ ಸಂಜೆಯೇ ಮರೆವು ಬಂದಿತು. ನಮ್ಮ ಊರಿನ ಮುದುಕರಿಗೆ ಮರೆವು ಬರುವುದು ಯಾವಾಗಲೂ ಅನುಕೂಲ ನೋಡಿಕೊಂಡೇ. ಚನ್ನಮಲ್ಲ ಎರಡೂ ಕೈ ಜೋಡಿಸಿ, ತನಗೆ ವೈಯಕ್ತಿಕವಾಗಿ ಏನೂ ಇಲ್ಲ, ನೀಲಕ್ಕ ತನಗೆ ತಾಯಿಯ ಸಮಾನ, ತಾಯಿಯಾದರೂ ನಿಯಮ ನಿಯಮವೇ ಅಂದ. ಜನ ತಲೆಯಾಡಿಸಿದರು. ಹೋಳಿ ಕಳೆದ ಮೂರನೆಯ ದಿನ ಅವನು ಕುರ್ಚಿಯ ಮೇಲೆ ಕೂಡುವುದೆಂದು ಆಯಿತು.

ಮರುದಿನದಿಂದ ನಮ್ಮ ಬಾಗಿಲಲ್ಲಿ ನೀಲಕ್ಕ ಅನ್ನುವ ಮಾತು ನಿಂತಿತು. ಕಷ್ಟ ನಿಲ್ಲಲಿಲ್ಲ, ಮದ್ದಿಗೆ, ಮಾತಿಗೆ ಜನ ಬರುತ್ತಲೇ ಇದ್ದರು. ಆದರೆ ಹಿತ್ತಲಿಂದ ಬಂದು ನನ್ನ ಕೇಳುತ್ತಿದ್ದರು: "ಆಕಿ ಅದಾಳೇನು?" ಅವಳು ನೀಲಿ ಹಂಡೆಯ ಮುಂದೆ ಕೂತು ಒಂದೇ ಸೀರೆಯನ್ನು ಮುಳುಗಿಸಿ ಎತ್ತುತ್ತಿದ್ದಳು. ಬಣ್ಣ ಹಿಡಿದು ಮುಗಿದ ಮೇಲೂ ಎತ್ತುತ್ತಿದ್ದಳು.

"ಆಚಿಗೆ ಹೋದ್ರ ಊಟಕ್ಕೇನೂ ತ್ರಾಸಿಲ್ಲಣ್ಣಾ," ಅಂದಳು ಒಂದು ದಿನ. "ಹೆಸರ ಇರೂದಿಲ್ಲ ನೋಡು. ಇಲ್ಲಿ ಬಾವಿ ಕರೀಗೊಡಲಿಲ್ಲ. ಅಲ್ಲಿ ಮಂದಿ ಕರಿಯೂದಿಲ್ಲ."

ನನಗೆ ಅವಸರದಲ್ಲಿ ಯಾವುದೂ ಹೊಳೆಯುವುದಿಲ್ಲ. ಹಂಡೆಗೆ ಹಾಕಿದ ಬಟ್ಟೆಯ ಹಾಗೆ ನನ್ನ ತಲೆಯೊಳಗೆ ವಿಷಯ ನೆನೆಯಬೇಕು. ಶಿವರಾತ್ರಿಯ ಉಪವಾಸ ಬಿಟ್ಟ ದಿನ ಬಾವುಟದ ಬಟ್ಟೆ ತೊಳೆಯಲು ಹಳ್ಳಕ್ಕೆ ಹೋದೆ. ನಾನು ತೊಳೆಯುವ ಜಾಗದಲ್ಲಿ ಕಲ್ಲಿಲ್ಲ, ಬರೀ ರಾಡಿ. ಬಟ್ಟೆ ತೊಳೆಯುವುದಕ್ಕಿಂತ ಹೊಲಸಾಗುವುದೇ ಹೆಚ್ಚು. ಅವ್ವನ ಬಂಡೆ ಎಷ್ಟು ಚೆಂದ ಇತ್ತು ಅಂತ ತಲೆ ಎತ್ತಿ ನೋಡಿದೆ. ಬಂಡೆ ಅಲ್ಲೇ ಇತ್ತು. ನಡುವೆ ಗಡಿಕಲ್ಲು ಇತ್ತು. ಎಷ್ಟೋ ವರ್ಷಗಳ ಹಿಂದೆ, ಹಾಡು ಸಿಕ್ಕಿದ ವರ್ಷವೇ ಇರಬೇಕು, ಕಲ್ಲು ಬಂಡೆಯನ್ನು ದಾಟಿ ಈಚೆ ಬಂದಿತ್ತು. ನಾನು ಗೊಣಗದೆ ನಾಲ್ಕು ಮಾರು ಕೆಳಗೆ ಸರಿದು ರಾಡಿಯಲ್ಲಿ ತೊಳೆಯುವುದನ್ನು ರೂಢಿ ಮಾಡಿಕೊಂಡಿದ್ದೆ. ಬಾವಿ ಸರಿಯಾಗಿಯೇ ಹೇಳಿತ್ತು. ಊರು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಹುಟ್ಟಿದವರು ಊರಿನವರು. ಊರೇ ಹಿಂದಕ್ಕೆ ಸರಿದರೆ ಬಾವಿ ಏನು ಮಾಡೀತು? ಆ ಬಿಟ್ಟುಕೊಟ್ಟ ನೆಲದಲ್ಲಿ ಹುಟ್ಟಿದ್ದು ಅಂದರೆ ಎರಡು ಕರು ಮತ್ತು ನನ್ನ ತಂಗಿ. ಕರುಗಳು ಕುರ್ಚಿಗೆ ನಿಂತಿರಲಿಲ್ಲವಾದ್ದರಿಂದ ಯಾರಿಗೂ ತಿಳಿದಿರಲಿಲ್ಲ.

ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಪಂಚರ ಕಟ್ಟೆಗೆ ಹೋದೆ. ಕಲ್ಲನ್ನು ಹಳೆಯ ಕುಣಿಗೆ ದಬ್ಬಿದರೆ ಬಾವಿ ಮತ್ತೆ ಓ ಅನ್ನುತ್ತದೆ ಅಂತ ಹೇಳಿದೆ. ಗಡಿಗಾಗಿ ಪ್ರಾಣ ಕೊಡುತ್ತೇವೆ ಅಂತ ವಾರಕ್ಕೊಮ್ಮೆ ಹೇಳುವವರೇ ಎಲ್ಲರೂ ಕೂತಿದ್ದರು. ಪ್ರಾಣ ಬೇಡ, ಒಂದು ಹಾರೆ ಹಿಡಿಯಲು ನಾಲ್ಕು ಜನ ಬನ್ನಿ ಅಂದೆ. ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಉಪ್ಪಿನ ಗಾಡಿ ನಾಳೆ ಬರುವುದಿತ್ತು. ಚನ್ನಮಲ್ಲ ಬಹಳ ಸಮಾಧಾನದಿಂದ ಮಾತಾಡಿದ. ಕುರ್ಚಿ ಹತ್ತಿರ ಬಂದಂತೆ ಅವನ ದನಿ ಇಳಿಯುತ್ತ ಬಂದಿತ್ತು.

"ಕಾಕಾ, ಗಡಿ ವಿಷಯ ಬ್ಯಾರೆ, ಪೌರತ್ವದ ವಿಷಯ ಬ್ಯಾರೆ. ಎರಡೂ ಕೂಡಿಸಬ್ಯಾಡ್ರಿ," ಅಂದ. "ನಾ ಕುರ್ಚಿಮ್ಯಾಲ ಕುಂತಮ್ಯಾಲ ಕಲ್ಲಿನ ಬಗ್ಗೆ ಖಡಕ್ ಭಾಷಣ ಮಾಡತೀನಿ."

"ಭಾಷಣಕ್ಕ ಕಲ್ಲು ಸರೀತದೇನಪಾ?" ಅಂದ ಇಮಾಮ್‌ಸಾಬ ಮೂಲೆಯಿಂದ.

"ಅವರು ಮಾಡಿದ ಭಾಷಣಕ್ಕ ಇಲ್ಲೀಮಟಾ ಸರದಿಲ್ಲೇನು?" ಅಂದ ಚನ್ನಮಲ್ಲ. ಅವನು ಹೇಳಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

ಮನೆಗೆ ಬಂದು ತಂಗಿಗೆ ಹೇಳಿದೆ. ಅವಳು ಕೈ ಒರೆಸಿಕೊಂಡಳು, ಮಾಡಿನ ಸಂದಿಯಿಂದ ಹಾರೆ ಎಳೆದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು. ನಾನು ಹಿಂದೆ, ನನ್ನ ಹಿಂದೆ ಕೋಲು ಊರುತ್ತ ಇಮಾಮ್‌ಸಾಬ. ಹಾಡುಹಗಲು, ಬಿಸಿಲು ನೆತ್ತಿಗೆ ಬರುವ ಹೊತ್ತು. ಅವಳು ಹಾರೆಯನ್ನು ಕಲ್ಲಿನ ಬುಡಕ್ಕೆ ಕೊಟ್ಟು ಮೀಟಿದಳು. ನಾನು ಭುಜ ಕೊಟ್ಟೆ. ಇಬ್ಬರದೂ ಸೇರಿ ವಯಸ್ಸು ಜಾಸ್ತಿ, ಬಲ ಕಡಿಮೆ. ಕಲ್ಲು ಒಂದು ಬಾರಿ ಹೊರಳಾಡಿ ಮತ್ತೆ ಕೂತಿತು. ಆಚೆ ಗದ್ದೆಯಲ್ಲಿ ಸಂಗಾತಿಗಳ ಗುಂಪು ಕಳೆ ಕೀಳುತ್ತಿತ್ತು. ಹಿರೇಸಂಗಾತಿ ನಡುವೆ ನಿಂತು ಅವರಿಗೆ ಕಳೆಯ ಬಗ್ಗೆ ಹೇಳುತ್ತಿದ್ದ. ನಮ್ಮನ್ನು ಕಂಡು ನಗುತ್ತಲೇ ಬಂದ. ಅವನು ಯಾವಾಗಲೂ ನಗುತ್ತಲೇ ಬರುವ ಮನುಷ್ಯ. ನಾವು ಕಳೆದುಕೊಂಡ ಪ್ರತಿ ಹೊಲದಲ್ಲೂ ಮೊದಲು ಅವನ ನಗು ಬಂದು ನಿಂತಿದೆ. ಅವನ ಹಿಂದೆ ಗುಂಪೂ ಕೈಯ ಮಣ್ಣು ಕೊಡವುತ್ತ ಬಂದು ನಿಂತಿತು.

ಗಡಿ ಅನ್ನುವುದು ಮನಸ್ಸಿನಲ್ಲಿರುತ್ತದೆ, ಮನಸ್ಸು ದೊಡ್ಡದಾದರೆ ಕಲ್ಲು ಎಲ್ಲಿದ್ದರೇನು ಅಂದ ಅವನು.

"ಎಲ್ಲಿದ್ರೇನು ಅಂದಮ್ಯಾಲ ಮೊದಲಿದ್ದಲ್ಲೇ ಇರಲಿ," ಅಂದಳು ನೀಲಕ್ಕ, ಹಾರೆ ಬಿಡದೆ.

"ಒಪ್ಪಂದ ಆಗೇದವ್ವಾ. ಕಲ್ಲು ಮುಟ್ಟಾಕ ಅದು ನಿಮ್ಮದಲ್ಲ."

"ಹಂಗಾರ ಯಾರದು? ನಿಮ್ಮದೇನು?"

ಹಿರೇಸಂಗಾತಿಯ ಬಾಯಿ ತೆರೆಯಿತು, ನಿಂತಿತು. ಹಿಂದೆ ಗುಂಪು ಕಿವಿ ಮುಂದೆ ಮಾಡಿ ನಿಂತಿತ್ತು. ನನ್ನದು ಅನ್ನುವ ಮಾತು ಆಚೆ ದಂಡೆಯಲ್ಲಿ ಬಾಯಿಂದ ಬಿದ್ದರೆ ಹಿರೇಸಂಗಾತಿಯಾದರೂ ಕಿರೇಸಂಗಾತಿಯಾಗಬೇಕು.

"ನಂದಲ್ಲ," ಅಂದ. "ಎಲ್ಲಾರದು."

"ಎಲ್ಲಾರದು ಅಂದ್ರ ನಂದೂ ಆತು," ಅಂದಳು ನೀಲಕ್ಕ, ಮತ್ತೆ ಹಾರೆ ಕೊಟ್ಟಳು.

ಅಷ್ಟರಲ್ಲಿ ಗುಂಪಿನ ಮುಂದಿದ್ದ ಒಬ್ಬ ಗಟ್ಟಿ ಹುಡುಗಿ ನೆತ್ತಿಯ ಸೂರ್ಯನನ್ನು ನೋಡಿದಳು, ಅಡುಗೆಮನೆಯ ಹೊಗೆ ನೋಡಿದಳು, ಕಲ್ಲನ್ನು ನೋಡಿದಳು. ಕಣ್ಣಿಗೆ ಬಿದ್ದ ಕೆಲಸ. ಕೈ ಹಾಕದಿದ್ದರೆ ಊಟವಿಲ್ಲ. ಅವಳು ಬಂದು ಭುಜ ಕೊಟ್ಟಳು. ಅವಳ ಹಿಂದೆ ಇಬ್ಬರು ಬಂದರು, ಆಮೇಲೆ ಎಲ್ಲರೂ. ಪ್ರತಿ ಮಳೆಗಾಲ ಅದೇ ಕಲ್ಲನ್ನು ಈಚೆಗೆ ದಬ್ಬಿ ಪಳಗಿದ ಕೈಗಳು. ಎಲ್ಲಿ ಹಿಡಿಯಬೇಕು, ಎಲ್ಲಿ ಒದೆಯಬೇಕು ಅಂತ ನಾವು ಹೇಳಬೇಕಾಗಲಿಲ್ಲ. ಹಿರೇಸಂಗಾತಿ ನಿಲ್ಲಿಸಿ ಅನ್ನಲಾರ. ದುಡಿಮೆಗೆ ಅಡ್ಡ ನಿಂತವನಿಗೆ ಅಲ್ಲಿ ಎರಡು ಹೊತ್ತಿನ ಊಟವಿಲ್ಲ. ಕೊನೆಗೆ ಅವನೂ ಅಂಗಿಯ ತೋಳು ಮಡಚಿ ಬಂದು ಕಲ್ಲಿಗೆ ಒಂದು ಅಂಗೈ ತಾಗಿಸಿದ. ನಮಗೆ ಕೊಟ್ಟಿದ್ದ ಹಾಡನ್ನೇ ಅವರು ಹಾಡತೊಡಗಿದರು. ದಬ್ಬುವಾಗ ಅದು ಇನ್ನೂ ಚೆನ್ನಾಗಿತ್ತು.

ಕಲ್ಲು ಅವ್ವನ ಬಂಡೆ ದಾಟಿತು. ನೀರಿಗಿಳಿದು ಆಚೆ ಅಂಚು ಹತ್ತಿತು. ಹಳೆಯ ಕುಣಿ ಬಂತು, ಅದರ ಪಕ್ಕದಿಂದ ಮುಂದೆ ಹೋಯಿತು. ಸಾಕು ಸಾಕು ಅಂತ ನೀಲಕ್ಕ ಕೂಗಿಕೊಂಡಳು. ಆದರೆ ಗಂಟೆ ಬಾರಿಸಿರಲಿಲ್ಲ. ಅವರು ಹಾಡುತ್ತ, ದಬ್ಬುತ್ತ, ತಮ್ಮದೇ ಗದ್ದೆ, ತಮ್ಮದೇ ಕಣ ದಾಟಿ ಕಲ್ಲನ್ನು ತಮ್ಮ ಅಡುಗೆಮನೆಯ ಹಿಂಗೋಡೆಯ ತನಕ ಒಯ್ದರು. ಆಗ ಗಂಟೆ ಬಾರಿಸಿತು. ಕೈ ಬಿಟ್ಟು, ಬೆವರು ಒರೆಸಿಕೊಂಡು ಒಳಗೆ ಹೋಗಿ ಸಾಲಾಗಿ ಕೂತರು. ಒಂದು ಊಟದ ಹೊತ್ತು ಅವರ ಅಡುಗೆಮನೆ ನಮ್ಮ ಊರಾಗಿತ್ತು.

ಚನ್ನಮಲ್ಲ ಎಂದಿನಂತೆ ಬೈಯಲು ದಂಡೆಗೆ ಬಂದವನು ಇದನ್ನು ನೋಡಿ ಹಳ್ಳ ಹಾರಿ ಬಂದ. ಗೆದ್ದ ನೆಲ ಬಿಡಬಾರದು, ಇದು ಇತಿಹಾಸ ಅಂತ ನಮಗೆ ಹೇಳಿ, ಹೆಗಲ ಮೇಲಿನ ಶಲ್ಯವನ್ನು ಅಡುಗೆಮನೆಯ ಬಾಗಿಲಿಗೆ ಕಟ್ಟಿ ಒಳಗೆ ಹೋದ. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಇಣುಕಿ ನೋಡಿದರೆ ಪಂಕ್ತಿಯಲ್ಲಿ ಕೂತು ಬೇಳೆಗೆ ಎರಡನೆಯ ಸಲ ತಟ್ಟೆ ಒಡ್ಡುತ್ತಿದ್ದ.

"ನಮ್ಮ ನೆಲದಾಗ ಬೆಂದದ್ದು ಕಾಕಾ, ನಮ್ಮದ," ಅಂದ. "ಬಿಟ್ರ ದ್ರೋಹ ಆಗತದ."

ಊಟ ಮುಗಿಸಿ ಸಂಗಾತಿಗಳು ಹೊರಗೆ ಬಂದಾಗ ನೀಲಕ್ಕ ಕಲ್ಲಿನ ಆಚೆ ಬದಿಗೆ ಹಾರೆ ಕೊಟ್ಟು ನಮ್ಮ ಕಡೆಗೆ ಮೀಟುತ್ತಿದ್ದಳು. ಕಣ್ಣಿಗೆ ಬಿದ್ದ ಕೆಲಸ. ಮತ್ತೆ ಭುಜ ಕೊಟ್ಟರು. ಈ ಸಲ ಗುರುತು ತಪ್ಪಬಾರದೆಂದು ಅವಳು ಮುಂದೆ ಓಡಿಹೋಗಿ ಹಳೆಯ ಕುಣಿಯೊಳಗೆ ಇಳಿದು ನಿಂತಳು. ಕುಣಿ ಮೊಣಕಾಲುದ್ದ, ಹುಲ್ಲು ಬೆಳೆದಿತ್ತು. ಗುಂಪು ಹಾಡುತ್ತ ಅವಳ ಮೇಲೆಯೇ ಬರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಕಡೆಯ ಗಳಿಗೆಯಲ್ಲಿ ಅವಳು ಪಕ್ಕಕ್ಕೆ ಜಿಗಿದಳು, ಕಲ್ಲು ಕುಣಿಗೆ ಬಿದ್ದ ಸದ್ದು ಕಾಲಡಿ ಕೇಳಿಸಿತು. ಆಮೇಲೆ ಎಷ್ಟು ದಬ್ಬಿದರೂ ಅದು ಅಲುಗಲಿಲ್ಲ. ಕೆಲಸ ಮುಗಿಯಿತೆಂದು ಅವರು ಕಳೆಗೆ ಹೋದರು. ಅಡುಗೆಮನೆಯನ್ನೇ ಬಿಟ್ಟುಕೊಟ್ಟಳು ಅಂತ ಚನ್ನಮಲ್ಲ ಹಣೆ ಬಡಿದುಕೊಂಡ. ಅವನಿಗೆ ನಿಜವಾಗಿ ಸಂಕಟವಾಗಿತ್ತು.

"ನಮ್ಮದು ನಮಗ ಸಾಕು," ಅಂದಳು ನೀಲಕ್ಕ.

ಬಾವಿಯ ಬಳಿಗೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಬಂದಿತ್ತು. ಇಮಾಮ್‌ಸಾಬ ಕಟ್ಟೆಗೆ ಎದೆ ಆನಿಸಿ, ಗಂಟಲು ಸರಿಮಾಡಿಕೊಂಡು ಕೂಗಿದ. ನೀಲಗಂಗವ್ವ ಅನ್ನುವ ಹೆಸರಿನ ಕಡೆಯ ಅಕ್ಷರ ಕೆಳಗೆ ಮುಟ್ಟುವ ಮುನ್ನವೇ ಬಾವಿ ಓ ಅಂದಿತು. ಕಾಯುತ್ತಿದ್ದವರ ಹಾಗೆ. ಕಟ್ಟೆಯ ಮೇಲಿದ್ದ ಖಾಲಿ ಕೊಡಗಳು ಸದ್ದು ಮಾಡಿದವು. ನನ್ನ ತಂಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೂದಲು ಬಿಚ್ಚಿ, ಕೊಡವಿ, ಮತ್ತೆ ಗಂಟು ಹಾಕಿದಳು. ಆಗ ಜನರ ನಡುವಿನಿಂದ ಯಾರೋ, ಕೊಟ್ಟಿಗೆಯಲ್ಲಿ ಎಮ್ಮೆ ಮಲಗಿದ್ದು ಏಳುತ್ತಿಲ್ಲವೆಂದು, "ನೀಲಕ್ಕಾ," ಅಂದರು. ನಡುವೆ ಏನೂ ನಡೆದೇ ಇಲ್ಲವೆಂಬಂತೆ. ಇವಳೂ ಹಾಗೆಯೇ ಓ ಅಂದು ಎದ್ದು ಹೋದಳು. ಮುದುಕರಿಗೆ ಹನ್ನೆರಡನೆಯ ದಿನದ ಓ ನೆನಪಾಯಿತು. ಎಷ್ಟು ಜೋರಾಗಿತ್ತೆಂದು ಒಬ್ಬರಿಗಿಂತ ಒಬ್ಬರು ಹೆಚ್ಚು ಹೇಳಿದರು.

ಕೈ ಎತ್ತಿ ಆರಿಸುವ ದಿನ ಚನ್ನಮಲ್ಲನಿಗೆ ಅವನ ಕೈ ಮತ್ತು ಸೊಂಟ ನೋವಿನವರ ಕೈ ಎದ್ದವು. ಹೋಳಿಯ ತನಕ ಕಾಯದೆ, ಅದರ ಹಿಂದಿನ ವಾರವೇ ನೀಲಕ್ಕ ಕುರ್ಚಿಯ ಮೇಲೆ ಕೂತಳು. ಕೂತ ಮೇಲೆ ಕೈಯ ನೀಲಿ ಹಿಡಿಕೆಗೆ ಹತ್ತಿದ್ದನ್ನು ನೋಡಿ ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ಅವಳ ಮೊದಲ ಕೆಲಸ ಆಚೆ ದಂಡೆಯಿಂದಲೇ ಬಂತು. ಕಲ್ಲು ಸರಿಸಿದ್ದರಿಂದ ಸ್ನೇಹಕ್ಕೆ ನೋವಾಗಿದೆ, ಉಪ್ಪಿನ ಗಾಡಿ ಹೊರಡುವುದಕ್ಕೆ ಮುಂಚೆ ತಿಳಿದವರೊಬ್ಬರು ಬಂದು ತಮ್ಮಲ್ಲಿ ಕೆಲವು ದಿನ ಇದ್ದು ವಿವರಿಸಬೇಕು ಅಂತ ಹಿರೇಸಂಗಾತಿ ಹೇಳಿ ಕಳಿಸಿದ್ದ. ಅವರ ಮೋಸಗಳನ್ನು ಇಷ್ಟು ವರ್ಷ ದಿನಾ ನಿಂತು ಗಮನಿಸಿದವನು ಒಬ್ಬನೇ ಇದ್ದಾನೆ, ಅವನಷ್ಟು ತಿಳಿದವರು ಬೇರೆ ಯಾರು ಅಂತ ನೀಲಕ್ಕ ಸಭೆಯಲ್ಲಿ ಅವನ ಹೆಸರು ಹೇಳಿದಳು. ಅವಳು ವ್ಯಂಗ್ಯ ಮಾಡುವವಳಲ್ಲ. ಆ ಕೆಲಸ ನಮ್ಮ ಮನೆಯಲ್ಲಿ ನನ್ನದು. ಶತ್ರುಗಳ ನಡುವೆ ಒಬ್ಬನೇ ಹೋಗುವುದೇ ಅಂತ ಚನ್ನಮಲ್ಲ ಮುಖ ಗಂಭೀರ ಮಾಡಿಕೊಂಡ. ಊರಿಗಾಗಿ ಹೋಗುತ್ತೇನೆ ಅಂದ. ಹಾಸಿಗೆ ಒಯ್ಯಲಿಲ್ಲ, ಬಟ್ಟೆ ಒಯ್ಯಲಿಲ್ಲ. ತಟ್ಟೆ ಒಯ್ದ.

ಉಪ್ಪು ಬಂತು. ಚನ್ನಮಲ್ಲ ಬರಲಿಲ್ಲ. ಮಧ್ಯಾಹ್ನ ದಂಡೆಯಲ್ಲಿ ಬೈಗಳಿಲ್ಲದೆ ನಮಗೆ ಹೊತ್ತೇ ತಿಳಿಯದಂತಾಯಿತು. ಕಲ್ಲನ್ನು ಮಾತ್ರ ನೀಲಕ್ಕ ದಿನಾ ಬೆಳಿಗ್ಗೆ ಹೋಗಿ ಮುಟ್ಟಿ ನೋಡಿ ಬರುತ್ತಾಳೆ. ಆಚೆಯವರು ನಗುತ್ತ ಮಾತಾಡಿಸಿದರೆ ತಾನೂ ನಗುತ್ತಾಳೆ, ಕೈ ಕಲ್ಲಿನ ಮೇಲೆಯೇ ಇಟ್ಟುಕೊಂಡು. ನಾನು ಅವ್ವನ ಬಂಡೆಯ ಮೇಲೆ ಅವರ ಬಾವುಟ ತೊಳೆಯುತ್ತೇನೆ. ಬಣ್ಣ ಈಗ ಚೆನ್ನಾಗಿ ಕೂಡುತ್ತದೆ.

ಯುಗಾದಿಯ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ನೀರಿಗೆ ಹೋದಾಗ ಇಮಾಮ್‌ಸಾಬ ಕಟ್ಟೆಯ ಮೇಲೆ ಒಬ್ಬನೇ ಇದ್ದ. ಚನ್ನಮಲ್ಲನ ಹೆಸರು ಕೂಗಿ ನೋಡಿದನಂತೆ, ಬಾವಿ ಸುಮ್ಮನಿತ್ತಂತೆ. ಸತ್ತಿರಬೇಕು, ಪಾಪ, ಊರಿಗಾಗಿ ಹೋದ ಜೀವ, ನೀಲಕ್ಕನಿಗೆ ಹೇಗೆ ಹೇಳುವುದು ಅಂತ ಅವನ ಚಿಂತೆ. ನನಗೆ ಸಾವಿನ ಸುದ್ದಿ ನಂಬಿಕೆಯಾಗಲಿಲ್ಲ. ಹಿಂದಿನ ದಿನವೇ ಆಚೆ ಗದ್ದೆಯ ಸಾಲಿನಲ್ಲಿ ಒಂದು ಪರಿಚಯದ ಬೆನ್ನು, ಮೊದಲಿಗಿಂತ ಅಗಲವಾದದ್ದು, ಬಗ್ಗಿದ್ದನ್ನು ನೋಡಿದ್ದೆ. ಹುಡುಗರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಟ್ಟೆಗೆ ಬಗ್ಗಿ, ಮೆಲ್ಲಗೆ ಸಂಗಾತಿ ಅಂದೆ.

ಕೆಳಗಿನಿಂದ ಒಂದು ಓ ಬಂತು. ತುಂಬಿದ ಹೊಟ್ಟೆಯ ಓ.

ಇಮಾಮ್‌ಸಾಬ ಕೋಲು ಊರಿಕೊಂಡು ಎದ್ದ. ಇನ್ನು ಚನ್ನಮಲ್ಲ ಅನ್ನುವ ಹೆಸರು ಖಾಲಿಯಾಯಿತು, ಯಾವುದಾದರೂ ಕೂಸಿಗೆ ಇಡಬಹುದು, ಕೇಳುವವರಿಗೆ ಯಾವತ್ತಿನಿಂದ ಖಾಲಿ ಅಂತ ಹೇಳಬೇಕಲ್ಲ ಅಂದ. ನಾನು ಲೆಕ್ಕ ಹಾಕಿ ಹೇಳಿದೆ: ಚನ್ನಮಲ್ಲ ಹೋದದ್ದು ಹೋಳಿ ಹುಣ್ಣಿಮೆಯ ಮರುದಿನ, ಮಂಗಳವಾರ, ಊಟದ ಗಂಟೆಗೆ ಸ್ವಲ್ಪ ಮುಂಚೆ.